ನಿಮ್ಮನ್ನು ಹಿಡಿದು ಕೊಡುವ ಪುಸ್ತಕ: ಹುಡುಕುವುದು ಹೇಗೆ, ಅದರ ಬಗ್ಗೆ ಬರೆಯುವುದು ಹೇಗೆ

ಜೂನ್ ಬಂತೆಂದರೆ ಸಾಕು, ಈ ಪ್ರಶ್ನೆ ಶುರುವಾಗುತ್ತದೆ. ಶಾಲೆ ತೆರೆದು ಮೂರು ವಾರ ಆಗುವ ಮೊದಲೇ 19ನೇ ತಾರೀಕು ವಾಚನಾ ದಿನ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು. ಮರುವರ್ಷದಿಂದ ರಾಜ್ಯವಿಡೀ ಆಚರಿಸುತ್ತಾ ಬಂದಿದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಆ ವಾರವೆಲ್ಲ ಇದರದ್ದೇ ಗಡಿಬಿಡಿ. ಮಕ್ಕಳು ಟಿಪ್ಪಣಿ ಬರೆಯಬೇಕು, ಟೀಚರುಗಳು ಮಾತಾಡಬೇಕು, ಊರ ಗ್ರಂಥಾಲಯದವರು ಸಿಕ್ಕಿದ ಹಿರಿಯರನ್ನು ವೇದಿಕೆ ಹತ್ತಿಸಬೇಕು. ವಿಷಯ ಹೆಚ್ಚಾಗಿ ಒಂದೇ: ‘ನನ್ನ ಮೆಚ್ಚಿನ ಪುಸ್ತಕ’.

ಆಗ ಓದುಗರು ನನ್ನನ್ನು ಕೇಳುವುದು ಎರಡೇ ಮಾತು. ‘ಯಾವ ಪುಸ್ತಕ ಹೇಳಲಿ?’ ಮತ್ತು ‘ಕಥೆ ಹೇಳಿ ಮುಗಿದ ಮೇಲೆ ಇನ್ನೇನು ಹೇಳುವುದು?’ ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ನಿಮ್ಮ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗೆ ಅಷ್ಟೇನೂ ಬೇಕಾಗಿಲ್ಲ. ನೀವು ಎಂಥವರು ಅಂತ ಗೊತ್ತಾಗಬೇಕು. ಪುಸ್ತಕದ ಹೆಸರಿನಿಂದ ಅದು ಗೊತ್ತಾಗುವುದೂ ಇಲ್ಲ. ಅದರೊಳಗೆ ನೀವು ಯಾವ ಪುಟದಲ್ಲಿ ನಿಂತುಬಿಟ್ಟಿರಿ ಎಂಬುದರಿಂದ ಗೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಪುಟ ಹುಡುಕಲಿಕ್ಕೇ ಇರುವುದು.

ಏನೇನು ಬೇಕು

ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್, ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಮಾಡಿದ ಒಂದು ಹಿಡಿ ಚೀಟಿ. ಒಂದು ಭಾನುವಾರ, ಆಮೇಲೆ ಮೂರ್ನಾಲ್ಕು ಸಂಜೆ. ನಿಮ್ಮನ್ನು ಚೆನ್ನಾಗಿ ಬಲ್ಲ, ಸುಮ್ನೆ ಹೊಗಳದ ಒಬ್ಬರು: ಅಕ್ಕನೋ, ಹಳೆಯ ಗೆಳೆಯನೋ, ಯಾರಾದರೂ ಸರಿ. ಫೋನು ಬೇರೆ ಕೋಣೆಯಲ್ಲಿರಲಿ. ಬೇರೆಯವರ ವಿಮರ್ಶೆ ಮೊದಲೇ ಓದಿದರೆ ಅವರ ಮಾತೇ ನಿಮ್ಮ ಬಾಯಿಗೆ ಬರುತ್ತದೆ.

1. ಕಪಾಟಿನ ಮುಂದೆ ಕೂತು ಸಾಕ್ಷಿ ಹುಡುಕಿ

ತಲೆಯಲ್ಲಿ ಪಟ್ಟಿ ಮಾಡಬೇಡಿ. ತಲೆ ಮರ್ಯಾದೆಯ ಹೆಸರುಗಳನ್ನೇ ಮುಂದೆ ತರುತ್ತದೆ. ಕಪಾಟಿನ ಮುಂದೆ ನೆಲದಲ್ಲಿ ಕೂತು ಪುಸ್ತಕಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಳ್ಳಿ. ಬೆನ್ನಿನ ಹೊಲಿಗೆ ಬಿಟ್ಟಿದೆಯಾ? ಕೈಯಲ್ಲಿ ಸಡಿಲವಾಗಿ ಹಿಡಿದರೆ ತಾನಾಗಿ ಒಂದು ಪುಟಕ್ಕೆ ತೆರೆದುಕೊಳ್ಳುತ್ತದೆಯಾ? ಆ ಪುಟದ ಸಂಖ್ಯೆ ಬರೆದಿಡಿ. ಒಳಗೆ ಬಸ್ ಟಿಕೇಟು, ಮಡಚಿದ ಮದುವೆ ಕಾಗದ, ಎಣ್ಣೆ ಕೈಯ ಗುರುತು ಏನಿದೆ ನೋಡಿ. ಊಟ ಮಾಡುತ್ತಾ ಓದಿದ ಪುಸ್ತಕ ಯಾವುದು, ಬಸ್ಸಿನಲ್ಲಿ ಓದಿದ್ದು ಯಾವುದು ಎಂದು ಅದೇ ಹೇಳುತ್ತದೆ.

ನಮ್ಮ ಕಡೆಯ ಮಳೆಯೂ ಇದಕ್ಕೆ ಸಹಾಯ ಮಾಡುತ್ತದೆ. ಆಟಿ, ಅಂದರೆ ತುಳುವರ ಜೋರು ಮಳೆಯ ತಿಂಗಳು, ಕಳೆಯುವಾಗ ಮುಟ್ಟದೆ ಇಟ್ಟ ಪುಸ್ತಕಕ್ಕೆ ಬೂಸ್ಟು ಹಿಡಿದಿರುತ್ತದೆ. ಆಗಾಗ ತೆಗೆದು ಬಿಡಿಸಿದ್ದಕ್ಕೆ ಅಷ್ಟು ಬರುವುದಿಲ್ಲ. ಯಾವುದು ಓದಿದ್ದು, ಯಾವುದು ಬರೀ ಇಟ್ಟದ್ದು ಎಂದು ಬೇರೆ ಸಾಕ್ಷಿ ಬೇಕಿಲ್ಲ.

ಮನೆಯಲ್ಲಿ ಪುಸ್ತಕವೇ ಇಲ್ಲ, ಗ್ರಂಥಾಲಯದಿಂದ ತಂದು ಓದಿದ್ದು ಅನ್ನುವವರು ಲೈಬ್ರೇರಿಯನ್ನರನ್ನು ಕೇಳಿ. ಸಣ್ಣ ಊರಿನ ಗ್ರಂಥಾಲಯವಾದರೆ ‘ನೀವು ಇದನ್ನು ಎಷ್ಟು ಸಲ ಕೊಂಡುಹೋಗಿದ್ದೀರಿ ಮಾರಾಯ್ರೆ’ ಎಂದು ಅವರೇ ಹೇಳುತ್ತಾರೆ.

ಆಮೇಲೆ ಈ ನಾಲ್ಕು ಪ್ರಶ್ನೆಗೆ ಒಂದೊಂದು ಹೆಸರು ಬರೆಯಿರಿ.

ಯಾರಿಗೋ ಕೊಟ್ಟು ವಾಪಸು ಬಾರದೆ ಬೇಸರವಾದ ಪುಸ್ತಕ ಯಾವುದು?
ಕಳೆದುಹೋದ ಮೇಲೆ ದುಡ್ಡು ಕೊಟ್ಟು ಪುನಃ ತಂದದ್ದು ಯಾವುದು?
ಯಾರಾದರೂ ಹೀಗಳೆದರೆ ಸಿಟ್ಟು ಬರುವುದು ಯಾವುದಕ್ಕೆ?
ಇಷ್ಟ ಎಂದು ಹೇಳಲು ಸ್ವಲ್ಪ ನಾಚಿಕೆಯಾಗುವ ಪುಸ್ತಕ ಯಾವುದು?

ನಾಲ್ಕನೆಯದನ್ನು ಹಾರಿಸಬೇಡಿ. ವಾರಪತ್ರಿಕೆಯ ಧಾರಾವಾಹಿ, ಪತ್ತೇದಾರಿ ಕಾದಂಬರಿ, ಅಡುಗೆ ಪುಸ್ತಕ, ಏನಾದರೂ ಇರಲಿ. ನನ್ನ ಲೆಕ್ಕದಲ್ಲಿ ಜಾಸ್ತಿ ಜನರ ನಿಜವಾದ ಪುಸ್ತಕ ಇಲ್ಲೇ ಅಡಗಿರುತ್ತದೆ.

2. ಮರ್ಯಾದೆಗೆ ಹೇಳುವ ಪುಸ್ತಕಗಳನ್ನು ಬದಿಗಿಡಿ

ಪರೀಕ್ಷೆಗೆ ಓದಿದ್ದು, ಪ್ರಶಸ್ತಿ ಬಂತೆಂದು ಕೊಂಡದ್ದು, ದೊಡ್ಡವರು ಉಡುಗೊರೆ ಕೊಟ್ಟದ್ದು ಎಲ್ಲ ಒಂದು ಕಡೆ ಇಡಿ. ಇದು ಸುಲಭ.

ಕಷ್ಟ ಇರುವುದು ಬೇರೆ ಕಡೆ, ಅದೂ ನಮ್ಮ ಜಿಲ್ಲೆಯವರಿಗೇ ಇರುವ ಕಷ್ಟ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿ ಕನ್ನಡ ಪುಸ್ತಕ ಅಂದರೆ ಕೆಲವೊಮ್ಮೆ ಪುಸ್ತಕವೂ ಹೌದು, ಬಾವುಟವೂ ಹೌದು. ಅದೇ ನವೆಂಬರ್ 1ರಂದು ಬೆಳಗ್ಗೆ ಶಾಲೆಯಲ್ಲಿ ಕೇರಳ ಹುಟ್ಟಿದ ದಿನ, ಸಂಜೆ ಕನ್ನಡ ಸಂಘದಲ್ಲಿ ರಾಜ್ಯೋತ್ಸವ. ಅಂಥ ವೇದಿಕೆಯಲ್ಲಿ ‘ನಿಮ್ಮ ಮೆಚ್ಚಿನ ಪುಸ್ತಕ?’ ಅಂದರೆ ನಾಲಗೆ ತಾನಾಗಿ ಗೋವಿಂದ ಪೈ ಅನ್ನುತ್ತದೆ, ಇಲ್ಲವೇ ಕಯ್ಯಾರ ಕಿಞ್ಞಣ್ಣ ರೈ ಅನ್ನುತ್ತದೆ. ಇಬ್ಬರೂ ನಮ್ಮ ಗಡಿನಾಡಿನ ದೊಡ್ಡ ಕವಿಗಳು, ಗೌರವ ಇರಲೇಬೇಕು. ಆದರೆ ನಿಮ್ಮಷ್ಟಕ್ಕೆ ಕೇಳಿಕೊಳ್ಳಿ: ಓದಿದ್ದೀರಾ?

ಗೋವಿಂದ ಪೈಯವರ ‘ಗೊಲ್ಗೊಥಾ’ವನ್ನೇ ತೆಗೆದುಕೊಳ್ಳಿ. ಅದು ಖಂಡಕಾವ್ಯ, ಅಂದರೆ ಇಡೀ ಜೀವನವನ್ನಲ್ಲ, ಒಂದೇ ಘಟನೆಯನ್ನು ಹಿಡಿದು ಬರೆದ ಕಾವ್ಯ. ಯೇಸುವಿನ ಕೊನೆಯ ದಿನ ಅದರ ವಸ್ತು. ಮಂಜೇಶ್ವರದ ಕೊಂಕಣಿ ಮನೆಮಾತಿನ ಒಬ್ಬರು ಯೇಸುವಿನ ಶಿಲುಬೆಯ ಬಗ್ಗೆ ಹಳೆಯ ಕಾವ್ಯದ ಬಿಗಿಯ ಕನ್ನಡದಲ್ಲಿ ಬರೆದರು. ಭಾಷೆ ಸುಲಭವಲ್ಲ. ಅದನ್ನು ನೀವು ಪಟ್ಟು ಹಿಡಿದು ಓದಿದ್ದರೆ, ಎಲ್ಲೋ ಒಂದು ಕಡೆ ಗಂಟಲು ಕಟ್ಟಿದ್ದರೆ, ಧಾರಾಳವಾಗಿ ಹೇಳಿ. ನಿಮ್ಮ ಹತ್ತಿರ ಹೇಳಲು ಏನೋ ಇದೆ. 1949ರಲ್ಲಿ ರಾಷ್ಟ್ರಕವಿ ಬಿರುದು ಬಂತು, ಅವರ ಹೆಸರಿನ ಕಾಲೇಜು ಇದೆ ಎಂಬುದಷ್ಟೇ ಗೊತ್ತಿದ್ದರೆ ಅವರು ನಿಮ್ಮ ಊರಿನ ಹೆಮ್ಮೆ. ನಿಮ್ಮ ಪುಸ್ತಕ ಇನ್ನೆಲ್ಲೋ ಇದೆ.

ಪರೀಕ್ಷೆ ಸುಲಭ. ಪುಸ್ತಕ ಮುಚ್ಚಿಟ್ಟು ಅದರ ಒಂದು ದೃಶ್ಯ ಅಥವಾ ನಾಲ್ಕು ಸಾಲು ಹೇಳಿ. ಬೆನ್ನುಡಿಯಲ್ಲಿ, ಅಂದರೆ ಹಿಂಬದಿಯ ರಟ್ಟಿನ ಮೇಲೆ ಅಚ್ಚಾದ ಪರಿಚಯದ ಮಾತಿನಲ್ಲಿ, ಇಲ್ಲದ್ದನ್ನು ಹೇಳಬೇಕು. ಆಗದಿದ್ದರೆ ಪಟ್ಟಿಯಿಂದ ತೆಗೆಯಿರಿ. ಗಡಿನಾಡಿನ ಅಭಿಮಾನದ ಭಾಷಣಕ್ಕೆ ಬೇರೆ ದಿನ ಸಿಗುತ್ತದೆ.

3. ಯಾವ ಭಾಷೆ ಅಂತ ತಲೆ ಕೆಡಿಸಿಕೊಳ್ಳಬೇಡಿ

ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಹವ್ಯಕವೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಹೀಗೆ ಬೆಳೆದವರ ಪುಸ್ತಕ ಮಲಯಾಳದ್ದಾಗಿದ್ದರೆ ಆಶ್ಚರ್ಯ ಏನಿದೆ? ಕನ್ನಡ ಸಭೆಯಲ್ಲೂ ಅದನ್ನೇ ಹೇಳಿ. ಹೇಳುವ ಮಾತು ಕನ್ನಡದಲ್ಲಿದ್ದರಾಯಿತು.

ಹಾಗೆಯೇ ಓದಿದ್ದಕ್ಕಿಂತ ಕೇಳಿದ್ದು ಜಾಸ್ತಿ ಇರುವವರೂ ಇದ್ದಾರೆ. ಅಜ್ಜನ ಪೆಟ್ಟಿಗೆಯಲ್ಲಿದ್ದ ಪ್ರಸಂಗ ಪುಸ್ತಕ ಅಂಥದ್ದು. ಪ್ರಸಂಗ ಪುಸ್ತಕದಲ್ಲಿ ಯಕ್ಷಗಾನದ ಪದ್ಯಗಳು ಮಾತ್ರ ಇರುತ್ತವೆ. ಮಾತನ್ನು ಅರ್ಥಧಾರಿಗಳು, ಅಂದರೆ ತಾಳಮದ್ದಳೆಯಲ್ಲಿ ಕೂತು ಪಾತ್ರದ ಪರವಾಗಿ ವಾದಿಸುವವರು, ಅಲ್ಲೇ ಕಟ್ಟುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು ನಿಮ್ಮ ಪುಸ್ತಕವಾದರೆ ನಿಮಗೊಂದು ಅನುಕೂಲ ಇದೆ. ವಾಲಿ ಬಿದ್ದ ಮೇಲಿನ ಸಂವಾದದಲ್ಲಿ ನಿಮಗೆ ರಾಮನ ಅರ್ಥ ಹೇಳಬೇಕು ಅನಿಸುತ್ತದೆಯೋ, ವಾಲಿಯದ್ದೋ? ಮರೆಯಲ್ಲಿ ನಿಂತು ಬಾಣ ಬಿಟ್ಟದ್ದನ್ನು ಸಮರ್ಥಿಸುವ ಕಡೆ ನೀವು ಕೂರುತ್ತೀರೋ, ಪ್ರಶ್ನೆ ಮಾಡುವ ಕಡೆಯೋ? ನೀವು ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು, ಅಲ್ವಾ?

4. ಪುನಃ ಓದಿ, ಪೆನ್ಸಿಲ್ ಹಿಡಿದುಕೊಂಡೇ ಓದಿ

ಈಗ ಪಟ್ಟಿಯಲ್ಲಿ ಎರಡೋ ಮೂರೋ ಉಳಿದಿರುತ್ತವೆ. ಒಂದನ್ನು ಆರಿಸಿ ಮೊದಲಿಂದ ಓದಿ. ಮೂರು ಗುರುತು ಸಾಕು: ನಿಂತುಬಿಟ್ಟ ಕಡೆ ಒಂದು ಗೆರೆ, ಒಪ್ಪದ ಕಡೆ ಒಂದು ಅಡ್ಡ, ಮೊದಲು ಓದಿದಾಗ ಕಾಣದೆ ಈಗ ಕಂಡ ಕಡೆ ಒಂದು ಚುಕ್ಕಿ. ಗ್ರಂಥಾಲಯದ ಪುಸ್ತಕಕ್ಕೆ ಪೆನ್ಸಿಲ್ ಕೂಡ ಬೇಡ, ಚೀಟಿ ಇಡಿ. ಪುಟ ಮಡಚುವುದಂತೂ ಬೇಡವೇ ಬೇಡ.

ಈ ಹಂತದಲ್ಲಿ ಅವಸರ ಮಾಡಬೇಡಿ. ಒಂದೇ ಪುಸ್ತಕ ಬೇರೆ ಬೇರೆಯವರನ್ನು ಹೇಗೆ ಹಿಡಿದು ಕೊಡುತ್ತದೆ ಎಂದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಒಂದು ಕಾದಂಬರಿಯಿಂದಲೇ ಹೇಳುತ್ತೇನೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಚೋಮನಿಗೆ ಇರುವುದು ಒಂದೇ ಆಸೆ, ಸ್ವಂತಕ್ಕೆ ಒಂದು ತುಂಡು ಗದ್ದೆ ಉಳಬೇಕು. ಎತ್ತುಗಳಿವೆ. ಆದರೆ ಹುಟ್ಟಿದ ಜಾತಿಯಿಂದಾಗಿ ಗದ್ದೆ ಸಿಗುವುದಿಲ್ಲ.

ತೋಟ ಗದ್ದೆ ಇರುವ ಮನೆಯವರು ಇದನ್ನು ಓದುವಾಗ ಹೆಚ್ಚಾಗಿ ಚೋಮ ಗದ್ದೆ ಕೇಳಲು ಒಡೆಯರ ಅಂಗಳದಲ್ಲಿ ಬಂದು ನಿಂತ ಕಡೆ ತಡೆಯುತ್ತಾರೆ. ಆ ಅಂಗಳ ಅವರಿಗೆ ಗೊತ್ತು. ಯಾರು ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದಾರೆ. ಮನೆಯ ಭಾರ ಹೊತ್ತ ಹೆಣ್ಣುಮಕ್ಕಳು ಬೆಳ್ಳಿಯ ಹತ್ತಿರ ನಿಲ್ಲುತ್ತಾರೆ. ಅಪ್ಪನ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವವಳು ಅವಳು. ನೀರಿನಲ್ಲಿ ಮುಳುಗುವ ಹುಡುಗನನ್ನು ಮುಟ್ಟಲು ಸುತ್ತ ಇದ್ದವರು ಹಿಂಜರಿಯುವ ಪುಟವನ್ನು ಕೆಲವರು ಎರಡನೇ ಸಲ ಓದಲಾರದೆ ಮಗುಚಿಬಿಡುತ್ತಾರೆ. ಹಾಗೆ ಮಗುಚಿದ್ದೂ ಒಂದು ಗುರುತೇ. ಅದನ್ನೂ ಬರೆದಿಡಿ.

ಮೂವರೂ ‘ನನ್ನ ಮೆಚ್ಚಿನ ಪುಸ್ತಕ ಚೋಮನ ದುಡಿ’ ಅಂದರೆ ನಮಗೆ ಏನೂ ಗೊತ್ತಾಗಲಿಲ್ಲ. ಎಲ್ಲಿ ನಿಂತರು ಎಂದು ಹೇಳಿದ ಕೂಡಲೇ ಮೂವರೂ ಬೇರೆಯಾದರು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಸಿನಿಮಾ. ಬಿ.ವಿ. ಕಾರಂತರ ‘ಚೋಮನ ದುಡಿ’ 1975ರಲ್ಲಿ ಬಂತು. ಅದನ್ನು ನೋಡಿದವರಿಗೆ ಓದಿದ್ದು ಯಾವುದು, ನೋಡಿದ್ದು ಯಾವುದು ಎಂದು ಕಲಸಿಹೋಗಿರುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ವೇದಿಕೆಯಲ್ಲಿ ಹೇಳಿದರೆ ಮುಂದಿನ ಸಾಲಿನಲ್ಲಿ ಕೂತ ನಿವೃತ್ತ ಮಾಷ್ಟ್ರು ಬಿಡುವುದಿಲ್ಲ. ಪುಟ ನೋಡಿಯೇ ಬರೆಯಿರಿ. ಇನ್ನೊಂದು, ಪುನಃ ಓದುವಾಗ ಪುಸ್ತಕ ಸಪ್ಪೆ ಅನಿಸುವುದು. ಆಗ ಗಾಬರಿಯಾಗಿ ಬೇರೆ ಪುಸ್ತಕ ಹುಡುಕಬೇಡಿ. ಹದಿನೇಳರಲ್ಲಿ ಕಣ್ಣೀರು ತರಿಸಿದ್ದು ನಲುವತ್ತರಲ್ಲಿ ನಗು ತರಿಸಿದರೆ ನಡುವೆ ಏನಾಯಿತು ಎಂಬುದೇ ಒಳ್ಳೆಯ ವಿಷಯ.

ಪುಸ್ತಕ ಈಗ ಅಂಗಡಿಯಲ್ಲಿ ಸಿಗುವುದಿಲ್ಲವೇ? ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಬಹಳ ಇವೆ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ ನೋಡಿ, ಬೇರೆ ಬೇರೆ ಸ್ಪೆಲ್ಲಿಂಗ್ ಕೂಡ. ಯಾವ ವರ್ಷದ ಮುದ್ರಣ ಓದಿದಿರಿ ಎಂದು ಬರೆದಿಟ್ಟುಕೊಳ್ಳಿ. ಮುದ್ರಣ ಬದಲಾದರೆ ಪುಟದ ಸಂಖ್ಯೆ ಬದಲಾಗುತ್ತದೆ.

5. ಪುಸ್ತಕದ ಜೊತೆ ಒಂದು ಜಗಳ ಆಡಿ

ಅಡ್ಡ ಹಾಕಿದ ಕಡೆಗೆ ಹಿಂದೆ ಹೋಗಿ. ಲೇಖಕರು ಯಾರ ಮಾತನ್ನು ಕೇಳಲೇ ಇಲ್ಲ? ಯಾವ ಪಾತ್ರಕ್ಕೆ ಅನ್ಯಾಯವಾಯಿತು? ನೀವಾಗಿದ್ದರೆ ಎಲ್ಲಿ ಬೇರೆ ದಾರಿ ಹಿಡಿಯುತ್ತಿದ್ದಿರಿ? ಒಂದೂ ಅಡ್ಡ ಇಲ್ಲದಿದ್ದರೆ ನೀವು ಓದಿದ್ದು ಭಕ್ತಿಯಿಂದ. ಭಕ್ತಿಯಿಂದ ಬರೆದದ್ದನ್ನು ಓದುವುದು ಬೇರೆಯವರಿಗೆ ಸ್ವಲ್ಪ ಕಷ್ಟ. ಎರಡು ವಾಕ್ಯ ಸಾಕು, ಆದರೆ ಜಗಳ ನಿಜವಾಗಿರಬೇಕು.

6. ಬರೆಯಿರಿ

ಇಲ್ಲಿನ ಶಾಲೆಗಳಲ್ಲಿ ಇದನ್ನು ಆಸ್ವಾದನಾ ಟಿಪ್ಪಣಿ ಎನ್ನುತ್ತಾರೆ. ಓದಿದ್ದನ್ನು ನೀವು ಹೇಗೆ ಸವಿದಿರಿ ಎಂದು ತಿಳಿಸುವ ಸಣ್ಣ ಬರಹ. ಸಾರಾಂಶಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಆದರೂ ಹತ್ತರಲ್ಲಿ ಒಂಬತ್ತು ಟಿಪ್ಪಣಿ ಸಾರಾಂಶವೇ ಆಗಿರುತ್ತದೆ.

ಕಥೆಗೆ ನಾಲ್ಕು ಸಾಲು, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ನೇರವಾಗಿ ನೀವು ನಿಂತ ಪುಟಕ್ಕೆ ಬನ್ನಿ. ಅಲ್ಲಿ ಏನಿದೆ, ನೀವು ಯಾಕೆ ನಿಂತಿರಿ, ನಿಮ್ಮ ಬದುಕಿನ ಯಾವ ಸಂಗತಿ ಅದಕ್ಕೆ ತಾಗಿತು ಎಂದು ಬರೆಯಿರಿ. ಕೊನೆಗೆ ಆ ಜಗಳ. ಲೇಖಕರ ಹುಟ್ಟಿದ ವರ್ಷ, ಪ್ರಶಸ್ತಿಗಳ ಪಟ್ಟಿ ಬೇಡ. ಅದು ಯಾರಿಗೆ ಬೇಕಾದರೂ ಎಲ್ಲಿ ಬೇಕಾದರೂ ಸಿಗುತ್ತದೆ.

ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ:

‘ಚೋಮನ ದುಡಿ ಒಂದು ಅತ್ಯುತ್ತಮ ಕಾದಂಬರಿ. ಶೋಷಿತರ ನೋವನ್ನು ಹೃದಯಸ್ಪರ್ಶಿಯಾಗಿ ಚಿತ್ರಿಸಿರುವ ಈ ಕೃತಿ ಸಮಾಜಕ್ಕೆ ಹಿಡಿದ ಕನ್ನಡಿಯಾಗಿದೆ. ಎಲ್ಲರೂ ಓದಲೇಬೇಕಾದ ಪುಸ್ತಕವಿದು.’

ಇದರಲ್ಲಿ ತಪ್ಪೇನೂ ಇಲ್ಲ. ಬರೆದವರೂ ಇಲ್ಲ. ಅದನ್ನೇ ಬೆಳ್ಳಿಯ ಹತ್ತಿರ ನಿಂತ ಒಬ್ಬಳು ಬರೆದರೆ ಹೇಗಿರಬಹುದು ಎಂದು ನಾನೇ ಬರೆದು ತೋರಿಸುತ್ತೇನೆ:

‘ಸಾಲ ಚೋಮನದ್ದು, ತೀರಿಸಲು ಘಟ್ಟ ಹತ್ತಿದ್ದು ಬೆಳ್ಳಿ. ನಾನು ಮನೆಗೆ ದೊಡ್ಡವಳು. ಸಂಬಳ ಬಂದ ದಿನ ಸೊಸೈಟಿಗೆ ಕಂತು ಕಟ್ಟಿಯೇ ಬಸ್ಸು ಹತ್ತುವುದು. ಅಪ್ಪ ಒಳ್ಳೆಯವರು, ನನ್ನ ಹತ್ತಿರ ಯಾವತ್ತೂ ದುಡ್ಡು ಕೇಳಿದವರಲ್ಲ. ಕೇಳದೆಯೇ ನಡೆಯುತ್ತದೆ. ಪುಸ್ತಕದ ಹೆಸರು ಚೋಮನದ್ದು, ದುಡಿಯೂ ಅವನದ್ದು. ಬೆಳ್ಳಿಗೆ ಹೊಡೆಯಲು ಒಂದು ದುಡಿಯಾದರೂ ಇದ್ದಿದ್ದರೆ ಏನು ಬಾರಿಸುತ್ತಿದ್ದಳು ಎಂದು ಯೋಚಿಸುತ್ತೇನೆ.’

ಎರಡನೆಯದರಲ್ಲಿ ಒಂದೂ ದೊಡ್ಡ ಮಾತಿಲ್ಲ. ಆದರೆ ಈ ಹುಡುಗಿಯನ್ನು ನಾಳೆ ಬಸ್ಸಿನಲ್ಲಿ ಕಂಡರೆ ಗುರುತು ಹಿಡಿಯಬಹುದು.

ಬರೆದ ಮೇಲೆ ಈ ಶಬ್ದಗಳನ್ನು ಹುಡುಕಿ ಹೊಡೆದುಹಾಕಿ: ಹೃದಯಸ್ಪರ್ಶಿ, ಮನಮುಟ್ಟುವ, ಅದ್ಭುತ, ಅಮೋಘ, ಸಮಾಜಕ್ಕೆ ಕನ್ನಡಿ. ಹೊಡೆದ ಮೇಲೆ ವಾಕ್ಯ ಉಳಿಯದಿದ್ದರೆ ಆ ವಾಕ್ಯವೂ ಬೇಡ.

7. ಹೊರಗೆ ಕೊಡುವ ಮೊದಲು

ಆಗ ಹೇಳಿದೆನಲ್ಲ, ನಿಮ್ಮನ್ನು ಬಲ್ಲ ಒಬ್ಬರು, ಅವರಿಗೆ ಓದಿ ಹೇಳಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಚೆನ್ನಾಗಿದೆ ಅನ್ನುತ್ತಾರೆ. ‘ಇದು ನಾನಾ?’ ಎಂದು ಕೇಳಿ. ಅವರು ನಕ್ಕ ಕಡೆ, ತಲೆ ತಗ್ಗಿಸಿದ ಕಡೆ ಗುರುತು ಹಾಕಿಕೊಳ್ಳಿ.

ಒಂದು ಎಚ್ಚರಿಕೆ. ನಿಮ್ಮನ್ನು ತೋರಿಸಿಕೊಳ್ಳುವುದು ನಿಮ್ಮ ಇಷ್ಟ. ಅಮ್ಮನ ಕಾಯಿಲೆ, ಅಣ್ಣನ ಸಾಲ, ನೆರೆಮನೆಯ ಗಲಾಟೆ ಅವರವರದ್ದು. ನಮ್ಮ ಊರುಗಳಲ್ಲಿ ಹೆಸರು ಹೇಳದಿದ್ದರೂ ಯಾರ ಮನೆ ಎಂದು ಗೊತ್ತಾಗುತ್ತದೆ. ಹಾಗಾಗಿ ಅವರನ್ನು ಕೇಳಿ ಬರೆಯಿರಿ, ಇಲ್ಲವೇ ಬಿಡಿ.

ಪುಸ್ತಕದ ಸಾಲುಗಳನ್ನು ಎತ್ತಿ ಬರೆಯಬಹುದಾ ಎಂದು ಕೇಳುವವರಿದ್ದಾರೆ. ವಿಮರ್ಶೆಗೆ ಬೇಕಾದಷ್ಟು ನಾಲ್ಕಾರು ಸಾಲನ್ನು ಲೇಖಕರ ಹೆಸರು ಹೇಳಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆ ಬಿಡುತ್ತದೆ. ಕೃತಿಸ್ವಾಮ್ಯ ಅಂದರೆ ಬರೆದವರಿಗೂ ಅವರ ವಾರಸುದಾರರಿಗೂ ಪುಸ್ತಕದ ಮೇಲಿರುವ ಹಕ್ಕು. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಅದು ಇರುತ್ತದೆ. ಗೋವಿಂದ ಪೈಯವರು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರ ಬದುಕಿನ ಕಾಲದಲ್ಲಿ ಅಚ್ಚಾದ ಕವನಗಳನ್ನು 2024ರಿಂದ ಯಾರು ಬೇಕಾದರೂ ಇಡಿಯಾಗಿ ಬಳಸಬಹುದು. ಕಾರಂತರು 1997ರ ತನಕ ಇದ್ದವರು, ಅವರದ್ದಕ್ಕೆ ಇನ್ನೂ ಬಹಳ ಕಾಲ ಇದೆ.

ವೇದಿಕೆಯಲ್ಲಿ ಮಾತಾಡುವವರಿಗೆ

ಐದು ನಿಮಿಷ ಕೊಟ್ಟರೆ ನಾಲ್ಕು ನಿಮಿಷಕ್ಕೆ ತಯಾರಾಗಿ. ವೇದಿಕೆಯಲ್ಲಿದ್ದವರ ಹೆಸರೆಲ್ಲ ಹೇಳುವಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತದೆ. ಪುಸ್ತಕ ಕೈಯಲ್ಲೇ ಇರಲಿ, ಚೀಟಿ ಇಟ್ಟ ಪುಟವನ್ನು ತೆರೆದು ಓದಿ. ಬಾಯಿಪಾಠ ಬೇಡ. ಕೆಲಸದ ಸಂದರ್ಶನದಲ್ಲಿ ಈ ಪ್ರಶ್ನೆ ಬಂದರೆ ಎರಡು ವಾಕ್ಯ ಸಾಕು: ಪುಸ್ತಕದ ಹೆಸರು, ನಿಂತ ಜಾಗ. ಮುಂದೆ ಕೇಳಿದರೆ ಹೇಳಿದರಾಯಿತು.

ಮಕ್ಕಳ ಪರವಾಗಿ ಕೇಳುವ ಅಪ್ಪ ಅಮ್ಮಂದಿರಿಗೆ

ನೀವು ಬರೆದು ಕೊಡಬೇಡಿ. ಮೂರನೇ ಕ್ಲಾಸಿನ ಮಗು ‘ಸಾಮಾಜಿಕ ಕಳಕಳಿ’ ಎಂದು ಬರೆದರೆ ಯಾರ ಕೈ ಎಂದು ಟೀಚರಿಗೆ ಗೊತ್ತಾಗುತ್ತದೆ. ‘ಯಾವ ಚಿತ್ರದ ಪುಟವನ್ನು ಪುನಃ ಪುನಃ ತೆಗೆಯುತ್ತಿ?’ ಎಂದು ಕೇಳಿ. ಅದು ತೋರಿಸಿದ ಪುಟದ ಬಗ್ಗೆ ಮೂರು ಪ್ರಶ್ನೆ ಹಾಕಿ, ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯಲು ಬಿಡಿ. ಮನೆಮಾತಿನ ಶಬ್ದ ನಡುವೆ ಬಂದರೆ ತಿದ್ದುವ ಅವಸರ ಬೇಡ. ಮಗುವಿನ ಪುಸ್ತಕ ಕಾಮಿಕ್ಸ್ ಆಗಿದ್ದರೆ ಕಾಮಿಕ್ಸ್ ಎಂದೇ ಬರೆಯಲಿ. ಶಾಲೆಯಲ್ಲಿ ಒಪ್ಪದಿದ್ದರೆ ಹೋಗಿ ಮಾತಾಡುವುದು ನಿಮ್ಮ ಕೆಲಸ, ಮಗುವಿನದ್ದಲ್ಲ.